ಹದಿನಾಲ್ಕು ದಿನದ ಲೆಕ್ಕ

"ಮಗು ಮೈ ತುಂಬ್ಕೊಂಡದ ಅಂತ ಎಲ್ಲಾರೂ ಅಂದ್ರು ನೋಡ್ರಿ ಸರ್ರ" ಎಂದರು ಆ ತಾಯಿ. ಮಡಿಲಲ್ಲಿ ಒಂದೂವರೆ ವರ್ಷದ ಹೆಣ್ಣುಮಗು. ಮುಖ, ಪಾದ ಉಬ್ಬಿದ್ದವು. ಪಾದದ ಮೇಲೆ ಹೆಬ್ಬೆರಳಿಟ್ಟು ಒತ್ತಿ ತೆಗೆದೆ. ಗುಳಿ ಬಿತ್ತು, ಹಾಗೇ ಉಳಿಯಿತು. ಇನ್ನೊಂದು ಪಾದದಲ್ಲೂ ಅಷ್ಟೇ. ತುಂಬಿದ್ದು ಮೈಯಲ್ಲ, ನೀರು. ತೀವ್ರ ಅಪೌಷ್ಟಿಕತೆಯ ಬಾವು ಇದು.

ರಾಯಚೂರು ಕಡೆ ಮಕ್ಕಳ ಡಾಕ್ಟರ್ ಆಗಿರುವ ನನಗೆ ಇಂಥ ಮಕ್ಕಳದ್ದೇ ಜಾಸ್ತಿ ಭಯ. ಸಣಕಲು ಮಗು ಕಣ್ಣಿಗೆ ಬೀಳುತ್ತದೆ. ಅಂಗನವಾಡಿಯಲ್ಲಿ ಬಣ್ಣದ ಟೇಪು ಇರುತ್ತದೆ. 6 ತಿಂಗಳಿಂದ 5 ವರ್ಷದ ಮಗುವಿನ ಎಡ ರಟ್ಟೆಯ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆಯಾದರೆ ಕೆಂಪು, ಅಂದರೆ ತೀವ್ರ ಅಪೌಷ್ಟಿಕತೆ. ಊದಿಕೊಂಡ ಮಗುವಿಗೆ ಆ ಟೇಪೂ ಮೋಸ ಹೋಗಬಹುದು. ಪಾದ ಒತ್ತಿ ನೋಡಿ ಅಂತ ಆಶಾ ಕಾರ್ಯಕರ್ತೆಯರಿಗೆ ಹೇಳುತ್ತಲೇ ಇರುತ್ತೇನೆ.

ಈ ಮಗುವನ್ನು ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ, ಅಂದರೆ ನಾವೆಲ್ಲ ಹೇಳುವ ಎನ್‌ಆರ್‌ಸಿಗೆ ಸೇರಿಸಲೇಬೇಕು. ಚಿಕಿತ್ಸೆ, ಊಟ ಎರಡೂ ಉಚಿತ. ಸುಮಾರು 14 ದಿನ ತಾಯಿ ಜೊತೆಗಿರಬೇಕು.

"ಹದಿನಾಲ್ಕು ದಿನ ಇಲ್ಲೇ ಕುಂತ್ರ ಹತ್ತಿ ಬಿಡಸಾಕ ಯಾರ್ ಹೋಗ್ತಾರ್ರಿ? ಮನ್ಯಾಗ ಇನ್ನೂ ಎರಡು ಅದಾವ."

ಇಂಥ ಮಾತು ಕೇಳಿದಾಗ ಕೇಸ್ ಶೀಟಿನಲ್ಲಿ 'ಪೋಷಕರ ನಿರ್ಲಕ್ಷ್ಯ' ಎಂದು ಬರೆದು ಮುಗಿಸುವವರಿದ್ದಾರೆ. ಮೊದಲೆಲ್ಲ ನಾನೂ ಬರೆದಿದ್ದೇನೆ. ಈಗ ಬರೆಯುವುದಿಲ್ಲ. ಕೂಲಿ ನಷ್ಟಕ್ಕೆ ತಾಯಿಗೆ ಒಂದಿಷ್ಟು ಹಣ ಕೊಡುವ ವ್ಯವಸ್ಥೆ ಯೋಜನೆಯಲ್ಲೇ ಇದೆ. ಅದನ್ನು ಔಷಧಿಗಿಂತ ಮೊದಲು ಹೇಳುತ್ತೇನೆ. ಈ ತಾಯಿಗೂ ಹೇಳಿದೆ. ಅಜ್ಜಿಗೆ ಫೋನ್ ಹೋಯಿತು. ಉಳಿದಿಬ್ಬರು ಮಕ್ಕಳು ಅಜ್ಜಿ ಊರಿಗೆ ಹೋದರು.

ಮನೆಯಲ್ಲೇ ಚೆನ್ನಾಗಿ ಉಣ್ಣಿಸಿದರೆ ಸಾಲದೇ ಅಂತ ಬಹಳ ಜನ ಕೇಳುತ್ತಾರೆ. ಸಾಲದು. ಹೀಗೆ ಬಳಲಿದ ಮಗುವಿನ ಹೃದಯ, ಲಿವರ್, ಕರುಳು ಎಲ್ಲ ನಿಧಾನಕ್ಕೆ ಕೆಲಸ ಮಾಡುತ್ತಿರುತ್ತವೆ. ಒಮ್ಮೆಲೇ ಹೊಟ್ಟೆ ತುಂಬಿಸಿದರೆ ರಕ್ತದ ಲವಣಗಳು ಏರುಪೇರಾಗಿ ಜೀವಕ್ಕೇ ಕುತ್ತು. ಅದಕ್ಕೇ ಮೊದಲು ಎಫ್-75 ಎಂಬ ತೆಳುವಾದ ಹಾಲು. 100 ಮಿ.ಲೀ.ಗೆ 75 ಕ್ಯಾಲರಿ. ಎರಡೆರಡು ಗಂಟೆಗೊಮ್ಮೆ, ರಾತ್ರಿಯೂ. ಜ್ವರ ಇಲ್ಲದಿದ್ದರೂ ಆ್ಯಂಟಿಬಯೋಟಿಕ್ ಕೊಡುತ್ತೇವೆ. ಸೋಂಕಿದ್ದರೂ ಜ್ವರ ಬರುವಷ್ಟು ಶಕ್ತಿ ಆ ಮೈಯಲ್ಲಿ ಇರುವುದಿಲ್ಲ. ರಕ್ತ ಕಡಿಮೆ ಇದೆ ಅಂತ ಕಬ್ಬಿಣದ ಸಿರಪ್ ತಕ್ಷಣ ಹಾಕುವ ಹಾಗೂ ಇಲ್ಲ. ಹಸಿವು ಮರಳಿದ ಮೇಲೆಯೇ ಹೆಚ್ಚು ಕ್ಯಾಲರಿಯ ಹಾಲು, ಎಫ್-100.

ನಾಲ್ಕನೇ ದಿನ ತೂಕ ಇಳಿಯಿತು. ತಾಯಿ ಗಾಬರಿಯಾಗಿ ಗಂಟು ಕಟ್ಟಿದ್ದರು! ಬಾವು ಇಳಿದರೆ ತೂಕವೂ ಇಳಿಯುತ್ತದೆ; ಅದು ಒಳ್ಳೆಯ ಲಕ್ಷಣ. ಇದನ್ನು ಮೊದಲೇ ಹೇಳದಿದ್ದುದು ನನ್ನದೇ ತಪ್ಪು. ಆರನೇ ದಿನ ಮಗು ಪಕ್ಕದ ಮಂಚದ ಹುಡುಗನ ಗಿಲಕಿ ಕಿತ್ತುಕೊಂಡು ಜಗಳ ತೆಗೆಯಿತು. ಅಲ್ಲಿಯವರೆಗೆ ಅಳಲೂ ಬೇಸರಪಟ್ಟಿದ್ದ ಮಗು ಅದು.

ಡಿಸ್ಚಾರ್ಜ್ ಆದ ಮೇಲೆ ಹದಿನೈದು ದಿನಕ್ಕೊಮ್ಮೆ ಬಂದು ತೋರಿಸಬೇಕು. ಒಂದು ಸಲ ಬಂದರು. ಆಮೇಲೆ ಬೆಂಗಳೂರಿಗೆ ಗುಳೆ ಹೋದರು, ಕಟ್ಟಡದ ಕೆಲಸಕ್ಕೆ. ಊರು ಬದಲಾದರೂ ಅಂಗನವಾಡಿ ಸೇವೆ ಸಿಗುತ್ತದೆ, ತಾಯಿ ಕಾರ್ಡ್ ಮತ್ತು ಡಿಸ್ಚಾರ್ಜ್ ಚೀಟಿ ಜೊತೆಗಿಟ್ಟುಕೊಳ್ಳಿ ಎಂದಿದ್ದೆ. ಕಳೆದ ವಾರ ಅಲ್ಲಿಂದಲೇ ಫೋನು: "ಇಲ್ಲಿ ಅಂಗನವಾಡಿ ಟೀಚರು ತೂಕ ಮಾಡ್ಯಾರ್ರಿ. ಒಂಬತ್ತು ಕೆಜಿ. ಸಾಕೇನ್ರಿ ಸರ್ರ?"