ಉರಗ ರಕ್ಷಕ: ಕಾಪಾಡುವುದು ಯಾರನ್ನು?

ಮಂಡ್ಯ ಸೀಮೆಯ ಜಿಲ್ಲಾ ಸುದ್ದಿಗಳಲ್ಲಿ ಆಗಾಗ ಕಾಣುವ ತಲೆಬರಹವಿದು: 'ಕೊಟ್ಟಿಗೆಯಲ್ಲಿ ನಾಗರಹಾವು, ಉರಗ ರಕ್ಷಕರಿಂದ ಸೆರೆ'. ರಕ್ಷಕರೇ ಸೆರೆ ಹಿಡಿಯುತ್ತಾರೆ, ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ! ಫೋನಿನಲ್ಲಂತೂ ಈ ಪದ ಯಾರ ಬಾಯಲ್ಲೂ ಬರದು. "ಅಣ್ಣೋ, ಕೊಟ್ಟಿಗೇಲಿ ಹಾವು ಸೇರ್ಕಂಡದೆ, ಬಿರ್ನೆ ಬನ್ನಿ" ಅಂದರೆ ಆಯಿತು. ಊರಿನವರಿಗೆ ಅವರು 'ಹಾವು ಹಿಡಿಯೋರು'. ಮೈಸೂರಿನಲ್ಲಿ ಸ್ನೇಕ್ ಶ್ಯಾಮ್ ಅವರಿಗೆ ಇಂಗ್ಲಿಷ್ ಪದವೇ ಹೆಸರಿನ ಭಾಗವಾಗಿಬಿಟ್ಟಿತು.

ಉರಗ ಸಂಸ್ಕೃತದ್ದು. ಉರಸ್ ಎಂದರೆ ಎದೆ, 'ಗ' ಎಂದರೆ ಹೋಗುವಂಥದ್ದು. ನಡುವಿನ ಸಕಾರ ಬಿದ್ದುಹೋಗಿ ಉರಗ. ಎದೆಯೂರಿ ಹರಿಯುವ ಜೀವಿ ಎಂದರ್ಥ. ಆಕಾಶದಲ್ಲಿ ಹೋಗುವ ಹಕ್ಕಿ ಖಗವಾದದ್ದೂ ಇದೇ ರೀತಿ. ರಕ್ಷಕ ಬಂದದ್ದು ಕಾಪಾಡು ಎನ್ನುವ 'ರಕ್ಷ್' ಧಾತುವಿನಿಂದ. ಪೊಲೀಸ್ ಠಾಣೆಯ ಬೋರ್ಡಿನ ಮೇಲಿರುವ ಆರಕ್ಷಕನೂ ಅಲ್ಲಿಂದಲೇ. ನಮ್ಮ ಹಾವು ಮಾತ್ರ ಅಚ್ಚಕನ್ನಡ: ಹಳಗನ್ನಡದಲ್ಲಿ ಪಾವು, ತಮಿಳಿನಲ್ಲಿ ಪಾಂಬು, ತೆಲುಗಿನಲ್ಲಿ ಪಾಮು.

ಇನ್ನು ಸಮಾಸ. 'ಉರಗದಿಂದ ರಕ್ಷಿಸುವವನು' ಎಂದು ಬಿಡಿಸಿದರೆ ತಪ್ಪು. 'ಉರಗದ ರಕ್ಷಕ' ಎಂದೇ ಬಿಡಿಸಬೇಕು. ಕರೆ ಮಾಡಿದ ಮನೆಯವರು ತಾವು ಉಳಿದೆವೆಂದು ನಿಟ್ಟುಸಿರು ಬಿಡುತ್ತಾರೆ, ಪದದ ಪ್ರಕಾರ ಉಳಿದದ್ದು ಹಾವು. ಲೆಕ್ಕ ಹಾಕಿದರೆ ಅದೂ ಸರಿಯೇ, ರಕ್ಷಕರು ಬರುವುದು ತಡವಾದರೆ ದೊಣ್ಣೆ ಹಿಡಿದವರು ನಾಲ್ಕಾರು ಜನ ಸೇರಿರುತ್ತಾರೆ. ಹಿಂದೆ ಹಾವಿನ ಸಹವಾಸದವನೆಂದರೆ ಹಾವಾಡಿಗ, ಹಾವು ಆಡಿಸಿ ಹೊಟ್ಟೆ ಹೊರೆಯುವವನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆಡಿಸುವುದು ಅಪರಾಧವಾಯಿತು, ಹಿಡಿದು ಕಾಡಿಗೆ ಬಿಡುವವರಿಗೆ ಬೇರೆಯದೇ ಹೆಸರು ಬೇಕಾಯಿತು.

ಪಳಗಿದವರ ಕೆಲಸ ನೋಡಿದರೆ ಹೆಸರು ಒಪ್ಪುತ್ತದೆ. ಬಟ್ಟೆಚೀಲದ ಬಾಯಿಗೆ ಪ್ಲಾಸ್ಟಿಕ್ ಪೈಪಿನ ತುಂಡು ಕಟ್ಟಿ ನೆಲಕ್ಕೆ ಒರಗಿಸುತ್ತಾರೆ. ಕೊಕ್ಕೆಯಿಂದ ಮೆಲ್ಲಗೆ ದಾರಿ ತೋರಿದರೆ ಹಾವು ಪೈಪಿನ ಕತ್ತಲನ್ನು ಬಿಲವೆಂದುಕೊಂಡು ತಾನೇ ಒಳಗೆ ಸರಿಯುತ್ತದೆ. ಚೀಲದ ಬಾಯಿ ತಿರುಚಿ ಕಟ್ಟಿದರೆ ಮುಗಿಯಿತು. ಕೊರಳಿಗೆ ಸುತ್ತಿಕೊಂಡು ಮೊಬೈಲಿಗೆ ಪೋಸು ಕೊಡುವವರನ್ನು ನಾನಂತೂ ಈ ಹೆಸರಿನಿಂದ ಕರೆಯಲಾರೆ, ಅದು ಹಾವಾಡಿಗನ ಆಟದ ಮುಂದಿನ ಕಂತು.

'ಉರಗ ತಜ್ಞ' ಬೇರೆ. ಹಾವನ್ನು ಅಧ್ಯಯನ ಮಾಡಿದವರಿಗೆ ಸಲ್ಲುವ ಮಾತದು, ಪತ್ರಿಕೆಗಳು ಎರಡನ್ನೂ ಕಲಸಿಬಿಡುತ್ತವೆ. ಇಬ್ಬರೂ ವೈದ್ಯರಲ್ಲ. ಕಬ್ಬಿನ ಗದ್ದೆಯಲ್ಲಿ ಕೊಳಕುಮಂಡಲ ಕಚ್ಚಿದರೆ ಫೋನ್ ಮಾಡಬೇಕಾದದ್ದು 108ಕ್ಕೆ. ಪ್ರತಿವಿಷ ಕೊಡುವುದು ಆಸ್ಪತ್ರೆಯಲ್ಲಿ.