ಐಸಾಕ್ ಹೊಸೂರು ಮತ್ತು ಊರ ಹೆಸರಿನ ಬಾಲಂಗೋಚಿ

ನ್ಯೂಟನ್ ಎಂದರೆ ಹೊಸೂರು. ಹಳೆಯ ಇಂಗ್ಲಿಷಿನಲ್ಲಿ 'ಟೂನ್' ಅಂದರೆ ಬೇಲಿ ಹಾಕಿದ ಹಟ್ಟಿ, ಆಮೇಲಾಮೇಲೆ ಹಳ್ಳಿ. ಹೊಸದಾಗಿ ಕಟ್ಟಿದ ಹಟ್ಟಿ ನ್ಯೂಟನ್, ತೆಂಕಣದ್ದು ಸಟನ್, ಬಡಗಣದ್ದು ನಾರ್ಟನ್. ಇಂಗ್ಲೆಂಡಿನಲ್ಲಿ ಈ ಮೂರೂ ಹೆಜ್ಜೆಗೊಂದು ಸಿಗುತ್ತವೆ. ಇಂಥದೊಂದು ಊರಿನಿಂದ ಬಂದ ಮನೆತನಕ್ಕೆ ಊರೇ ಹೆಸರಾಯಿತು. ಗುರುತ್ವಾಕರ್ಷಣೆಯ ಲೆಕ್ಕ ಕೊಟ್ಟ ಮಹಾನುಭಾವ ಈ ಕಡೆ ಹುಟ್ಟಿದ್ದರೆ ಶಾಲೆಯ ಹಾಜರಿ ಪುಸ್ತಕದಲ್ಲಿ ಐಸಾಕ್ ಹೊಸೂರು ಎಂದೇ ಇರುತ್ತಿದ್ದ.

ಯುರೋಪಿನ ತುಂಬ ಹೊಸೂರುಗಳೇ. ಜರ್ಮನ್ ನಾಯ್‌ಶ್ಟಾಟ್, ಫ್ರಾನ್ಸಿನ ವಿಲ್‌ನವ್, ಸ್ಪೇನಿನ ವಿಯಾನುಯೆವಾ, ಚೆಕ್ ನೋವಾ ವೆಸ್, ರಷ್ಯಾದ ನೊವ್‌ಗೊರೊದ್. ಇಟಲಿಯ ನೇಪಲ್ಸ್ ಕೂಡ ಗ್ರೀಕರ 'ನೆಯಾಪೊಲಿಸ್' ಸವೆದು ಉಳಿದದ್ದು. ಹೊಸತು ಎಂಬ ಹೆಸರು ಹೊತ್ತ ಈ ಊರುಗಳು ಮುದಿಯಾಗಿಬಿಟ್ಟಿವೆ. ಆಸ್ಟ್ರಿಯದ ವೀನರ್ ನಾಯ್‌ಶ್ಟಾಟ್ ಕಟ್ಟಿದ್ದು 12ನೇ ಶತಮಾನದ ಕೊನೆಯಲ್ಲಿ, ಸೆರೆಸಿಕ್ಕ ಇಂಗ್ಲೆಂಡಿನ ದೊರೆ ರಿಚರ್ಡನನ್ನು ಬಿಡಲು ವಸೂಲು ಮಾಡಿದ ಹಣದ ಒಂದು ಪಾಲಿನಿಂದ.

ಒಂದೇ ಹೆಸರಿನ ಎರಡು ಊರು ಕಂಡ ಕೂಡಲೇ 'ಇವರು ಅಲ್ಲಿಂದ ವಲಸೆ ಬಂದವರು' ಎಂದು ತೀರ್ಪು ಕೊಡುವ ಚಟ ಎಲ್ಲ ಭಾಷೆಯವರಿಗೂ ಇದೆ. ಯುರೋಪಿನ ಮಟ್ಟಿಗೆ ಆ ತೀರ್ಪು ಬಹುಪಾಲು ತಪ್ಪು. ಬಾವಲಿಗೂ ರೆಕ್ಕೆ, ಹಕ್ಕಿಗೂ ರೆಕ್ಕೆ, ಚಿಟ್ಟೆಗೂ ರೆಕ್ಕೆ. ಮೂರೂ ಒಂದೇ ರೆಕ್ಕೆಯ ಮಕ್ಕಳಲ್ಲ. ಹಾರುವ ಅಗತ್ಯ ಒಂದೇ ಆದ್ದರಿಂದ ಬೇರೆ ಬೇರೆ ದಾರಿಯಲ್ಲಿ ಅಲ್ಲಿಗೇ ಬಂದು ಮುಟ್ಟಿದವು. ಜೀವಶಾಸ್ತ್ರದಲ್ಲಿ ಇದು ಒಮ್ಮುಖ ವಿಕಾಸ. ಊರ ಹೆಸರಿನದೂ ಇದೇ ಕಥೆ: ಪಕ್ಕದಲ್ಲಿ ಹಳೆಯ ಊರೊಂದು ಇದ್ದರೆ ಆಮೇಲೆ ಕಟ್ಟಿದ್ದು ಹೊಸೂರೇ. ಅದಕ್ಕೆ ಯಾರೂ ಯಾರನ್ನೂ ನಕಲು ಮಾಡಬೇಕಿಲ್ಲ. ವಂಶಪಾರಂಪರ್ಯವಾಗಿ ಸಾಗಿದ ಹೆಸರೂ ಇಲ್ಲದಿಲ್ಲ. ಫೀನಿಷಿಯನ್ನರ 'ಕರ್ತ್ ಹದಶ್ತ್', ಅಂದರೆ ಹೊಸ ಪಟ್ಟಣ, ಉತ್ತರ ಆಫ್ರಿಕಾದ ಕಾರ್ತೇಜ್ ಆಯಿತು. ಕಾರ್ತೇಜಿನವರು ಸ್ಪೇನಿನಲ್ಲಿ ಕಟ್ಟಿದ ಊರಿಗೂ ಅದೇ ಹೆಸರಿಟ್ಟರು. ಎರಡನ್ನೂ ಬೇರೆ ಮಾಡಲು ರೋಮನ್ನರು ಅದನ್ನು 'ಕಾರ್ತಾಗೊ ನೋವಾ' ಎಂದರು, ಅಂದರೆ ಹೊಸ ಹೊಸೂರು! ಅದೇ ಇಂದಿನ ಕಾರ್ತಹೇನಾ.

ಅಗತ್ಯ ಎಂಥದು ಎಂಬುದನ್ನು ಚೆಕ್ ನಾಡಿನ 'ಲ್ಹೊಟಾ'ದಷ್ಟು ಚೆನ್ನಾಗಿ ಬೇರಾವ ಹೆಸರೂ ತೋರಿಸುವುದಿಲ್ಲ. ಅಲ್ಲಿ ಲ್ಹೊಟಾಗಳು ನೂರಾರು. ಮಧ್ಯಯುಗದಲ್ಲಿ ಕಾಡು ಕಡಿದು ಉಳುವ ರೈತರನ್ನು ಕರೆತರಬೇಕಿದ್ದ ಜಮೀನ್ದಾರ ಇಂತಿಷ್ಟು ವರ್ಷ ಕಂದಾಯ, ಬಿಟ್ಟಿ ಚಾಕರಿ ಇಲ್ಲ ಎಂದು ಮಾತು ಕೊಡುತ್ತಿದ್ದ. ಮರ ಕಡಿದು, ಬೇರು ಕಿತ್ತು, ಮೊದಲ ಬೆಳೆ ಕಾಣುವ ಮೊದಲೇ ವಸೂಲಿಗೆ ನಿಂತರೆ ರೈತ ರಾತ್ರೋರಾತ್ರಿ ಜಾಗ ಖಾಲಿ ಮಾಡುತ್ತಾನೆ ಎಂಬುದು ಅವನಿಗೂ ಗೊತ್ತಿತ್ತು. ಆ ವಿನಾಯಿತಿಯ ಅವಧಿಯೇ ಲ್ಹೊಟಾ. ಇಂದಿಗೂ ಚೆಕ್ ಭಾಷೆಯಲ್ಲಿ ಗಡುವಿಗೆ 'ಲ್ಹೂಟಾ' ಎನ್ನುತ್ತಾರೆ. ವಿನಾಯಿತಿ ಮುಗಿದು ಶತಮಾನಗಳಾದವು, ಹೆಸರು ಮಾತ್ರ ರಸೀದಿಯ ಹಾಗೆ ಉಳಿದಿದೆ. ಸ್ಲೊವಾಕಿಯದ ಲೆಹೊಟಾ, ಸಿಲೇಸಿಯಾದ ಲಿಗೊಟಾ ಇದರ ಸೋದರರು. ಪೋಲೆಂಡಿನ 'ವೋಲಾ', ಫ್ರಾನ್ಸಿನ 'ವಿಲ್‌ಫ್ರಾಂಶ್' ಬೇರೆ ಪದ, ಅದೇ ಆಮಿಷ.

ಒಂದೇ ಹೆಸರಿನೊಳಗೆ ಬೇರೆ ಬೇರೆ ಪದಗಳು ಅಡಗಿರುವುದೂ ಉಂಟು. ಇಂಗ್ಲೆಂಡಿನ ಬ್ರೌಟನ್‌ಗಳಲ್ಲಿ ಕೆಲವು ಹಳ್ಳದ ಪಕ್ಕದ ಊರು, ಕೆಲವು ಕೋಟೆಯೂರು, ಇನ್ನು ಕೆಲವು ಗುಡ್ಡದೂರು. ಮೂರು ಪದಗಳು ಬಾಯಿಂದ ಬಾಯಿಗೆ ಸವೆದು, ಹೊಳೆಯ ಕಲ್ಲುಗಳ ಹಾಗೆ ಒಂದೇ ಆಕಾರ ತಳೆದಿವೆ. ಈಗಿನ ಕಾಗುಣಿತ ನೋಡಿ ಅರ್ಥ ಹೇಳುವವರು ಎಡವುವುದು ಇಲ್ಲೇ. 1086ರ ಡೂಮ್ಸ್‌ಡೇ ದಾಖಲೆಯಂಥ ಹಳೆಯ ಕಡತಗಳಲ್ಲಿ ಆ ಊರನ್ನು ಹೇಗೆ ಬರೆದಿದ್ದರು ಎಂದು ನೋಡದೆ ಬಾಯಿ ಬಿಡಬಾರದು.

ಇಷ್ಟೊಂದು ಹೊಸೂರುಗಳಿದ್ದೂ ಯಾರಿಗೂ ಗೊಂದಲವಾಗಲಿಲ್ಲವೇ? ಬಹಳ ಕಾಲ ಆಗಲಿಲ್ಲ. ಒಂದು ದಿನದ ನಡಿಗೆಯೊಳಗೆ ಇನ್ನೊಂದು ಇಲ್ಲದಿದ್ದರೆ ಸಾಕಿತ್ತು. ಮನೆಯೊಳಗೆ ಪುಟ್ಟಿ ಎಂದು ಕರೆದರೆ ಒಬ್ಬಳೇ ತಿರುಗುತ್ತಾಳೆ, ಜಾತ್ರೆಯಲ್ಲಿ ಕರೆದರೆ ಐವತ್ತು ಮಂದಿ. ತಗಾದೆ ಶುರುವಾಗುವುದು ಸಂತೆ, ತೆರಿಗೆ, ಅಂಚೆ, ರೈಲು ಎಂದು ಲೋಕ ಹಿಗ್ಗಿದಾಗ. ಆಗ ಹೆಸರಿಗೊಂದು ಬಾಲಂಗೋಚಿ ಬೇಕಾಗುತ್ತದೆ. ತರಗತಿಯಲ್ಲಿ ಮೂವರು ಮಂಜುನಾಥರಿದ್ದರೆ ಇನಿಷಿಯಲ್ ಅಂಟಿಸಿದಂತೆ. ಬಳ್ಳಾಪುರಕ್ಕೆ ದೊಡ್ಡ, ಚಿಕ್ಕ ಸೇರಿಸಿದಂತೆ.

ಬಾಲಂಗೋಚಿಯ ಸರಕು ಎಲ್ಲಿಂದಲಾದರೂ ಬರಬಹುದು. ನದಿಯಿಂದ ಬಂದರೆ ಮೈನ್ ದಂಡೆಯ ಫ್ರಾಂಕ್‌ಫರ್ಟ್, ಓಡರ್ ದಂಡೆಯ ಫ್ರಾಂಕ್‌ಫರ್ಟ್. ಒಡೆಯನಿಂದ ಬಂದರೆ ನ್ಯೂಟನ್ ಅಬಟ್, ಅಂದರೆ ಮಠಾಧೀಶರ ಹೊಸೂರು. ಸ್ಟೋಕ್ ಮ್ಯಾಂಡೆವಿಲ್‌ಗೆ ಅಂಟಿದ್ದು ನಾರ್ಮನ್ ಮನೆತನದ ಹೆಸರು. ಫ್ರಾನ್ಸಿನ ಜುಎ-ಲೆ-ತೂರ್‌ನಲ್ಲಿ ನಡುವಿನ 'ಲೆ'ಯನ್ನು ಬಹುವಚನದ ಉಪಪದವೆಂದು ಓದುವವರು ಬಹಳ ಮಂದಿ. ಅದು 'ಪಕ್ಕ' ಎಂಬರ್ಥದ ಲ್ಯಾಟಿನ್ 'ಲಾತುಸ್' ಸವೆದದ್ದು. ಆ ಊರು 'ತೂರ್ ಪಕ್ಕದ ಜುಎ'.

ಬಾಲಂಗೋಚಿ ಕೆಲವೊಮ್ಮೆ ಪಟವನ್ನೇ ನುಂಗುತ್ತದೆ. ರೋಮನ್ನರ ಕಾಲದಲ್ಲಿ 'ನೊವಿಯೊಮಾಗುಸ್' ಎಂಬ ಊರುಗಳು ಹಲವು. ಕೆಲ್ಟಿಕ್ ಭಾಷೆಯಲ್ಲಿ ಹೊಸ ಬಯಲು, ಹೊಸ ಸಂತೆ ಎಂದರ್ಥ. ಆಡಳಿತಕ್ಕೆ ಗೊಂದಲವಾಗದಂತೆ ಸ್ಥಳೀಯ ಬುಡಕಟ್ಟಿನ ಹೆಸರು ಸೇರಿಸಿದರು. ಮುಂದೆ ಲೆಕ್ಸೊವಿ ಜನರ ನೊವಿಯೊಮಾಗುಸ್ ತನ್ನ ಮೂಲ ಹೆಸರು ಕಳೆದುಕೊಂಡು ಬುಡಕಟ್ಟಿನ ಹೆಸರಲ್ಲೇ ಲಿಸಿಯು ಆಯಿತು. ನೆದರ್ಲೆಂಡ್ಸಿನ ನೈಮೇಗನ್, ಫ್ರಾನ್ಸಿನ ನ್ವಾಯೋನ್, ಜರ್ಮನಿಯ ನಾಯ್‌ಮಾಗನ್ ಮಾತ್ರ ಹಳೆಯ ಹೆಸರನ್ನೇ ತಂತಮ್ಮ ನಾಲಿಗೆಗೆ ತಕ್ಕಂತೆ ಸವೆಸಿಕೊಂಡವು. ಪ್ಯಾರಿಸ್ಸಿನ ಪೂರ್ತಿ ಹೆಸರು ಲುತೇಸಿಯಾ ಪಾರಿಸಿಯೋರುಮ್. ಉಳಿದದ್ದು ಪಾರಿಸಿ ಜನರ ಬಾಲ. ಅಂದರೆ ಜಗತ್ಪ್ರಸಿದ್ಧ ಹೆಸರೊಂದು ಮೂಲದಲ್ಲಿ ಬರಿಯ ಇನಿಷಿಯಲ್!

ಬಾಲ ಬದಲಾಗುವುದೂ ಇದೆ. ಹಾರ್ಟ್ ಬೆಟ್ಟದ ಬುಡದ ನಾಯ್‌ಶ್ಟಾಟ್ ಬೆಟ್ಟದ ಹೆಸರನ್ನೇ ಹೊತ್ತಿತ್ತು. 1935ರಲ್ಲಿ ಅಲ್ಲಿ 'ವೈನ್ ರಸ್ತೆ' ಎಂಬ ಪ್ರವಾಸಿ ಮಾರ್ಗ ಉದ್ಘಾಟನೆಯಾಯಿತು, ಮರುವರ್ಷ ಊರಿನ ಬಾಲವೂ ವೈನ್ ರಸ್ತೆಯಾಯಿತು. 1945ರಲ್ಲಿ ಮತ್ತೆ ಹಾರ್ಟ್, 1950ರಲ್ಲಿ ಮತ್ತೆ ವೈನ್ ರಸ್ತೆ. ಬೆಟ್ಟಕ್ಕಿಂತ ದ್ರಾಕ್ಷಾರಸಕ್ಕೆ ಗಿರಾಕಿ ಜಾಸ್ತಿ.

ಸರ್ಕಾರಗಳೂ ಕೈ ಹಾಕಿವೆ. ಏಕೀಕರಣವಾದ ಬೆನ್ನಲ್ಲೇ, 1862ರಿಂದ ಇಟಲಿ ಒಂದೇ ಹೆಸರಿನ ಊರುಗಳಿಗೆ ಬಾಲ ಕಟ್ಟಿಸಿತು. ಆದರೂ ಬೆರ್ಗಮೊ ಪ್ರಾಂತ್ಯದಲ್ಲೊಂದು, ಲೆಚ್ಚೆ ಪ್ರಾಂತ್ಯದಲ್ಲೊಂದು ಕಾಸ್ತ್ರೊ ಹಾಗೇ ಇವೆ. ಸ್ಪೇನ್ 1916ರ ಒಂದೇ ಆಜ್ಞೆಯಲ್ಲಿ 9,266 ಸ್ಥಳೀಯ ಆಡಳಿತಗಳ ಪೈಕಿ 573ರ ಹೆಸರು ತಿದ್ದಿತು.

ಈಗ ಎಡವಟ್ಟು ಮಾಡುವುದು ನಕ್ಷೆಯ ತಂತ್ರಾಂಶ. ಬರಿಯ 'ಫ್ರಾಂಕ್‌ಫರ್ಟ್' ಎಂದು ಹಾಕಿದರೆ ಅದು ಸಾಮಾನ್ಯವಾಗಿ ದೊಡ್ಡ ಊರನ್ನೇ ಮುಂದಿಡುತ್ತದೆ. ಎರಡು ಫ್ರಾಂಕ್‌ಫರ್ಟ್‌ಗಳ ನಡುವೆ ನೇರ ಗೆರೆಯಲ್ಲೇ ಸುಮಾರು 480 ಕಿ.ಮೀ. 2008ರಲ್ಲಿ ತುರ್ಕಿಯಿಂದ ಜಿಬ್ರಾಲ್ಟರಿಗೆ ಹೊರಟ ಲಾರಿಯೊಂದು ಇಂಗ್ಲೆಂಡಿನ ಪೂರ್ವ ಕರಾವಳಿಯ ಜಿಬ್ರಾಲ್ಟರ್ ಪಾಯಿಂಟ್ ಎಂಬ ನಿಸರ್ಗಧಾಮಕ್ಕೆ ಹೋಗಿ ನಿಂತಿತ್ತು. ಬೀದಿಯ ಹೆಸರೂ ಕೈ ಹಿಡಿಯುವುದಿಲ್ಲ, ಜರ್ಮನಿಯ ಎಷ್ಟೋ ಊರುಗಳಲ್ಲಿ ಮುಖ್ಯ ರಸ್ತೆ 'ಹಾಪ್ಟ್‌ಶ್ಟ್ರಾಸೆ', ರೈಲು ನಿಲ್ದಾಣದ ರಸ್ತೆ 'ಬಾನ್‌ಹೋಫ್‌ಶ್ಟ್ರಾಸೆ'. ಆದ್ದರಿಂದ ಅಂಚೆ ಸಂಖ್ಯೆಯನ್ನು ಮೊದಲು ಹಾಕಿ, ಆಮೇಲೆ ಬಾಲಸಮೇತ ಊರು, ಕೊನೆಗೆ ಬೀದಿ. ಹೊರಡುವ ಮುನ್ನ ಒಟ್ಟು ದೂರ ನೋಡಿಕೊಳ್ಳಿ. ಕಾರಿನ ಫಲಕವೂ ಸುಳಿವು ಕೊಡುತ್ತದೆ: ಮೈನ್ ದಂಡೆಯದು 'ಎಫ್', ಓಡರ್ ದಂಡೆಯದು 'ಎಫ್ಎಫ್'. ಒಂದೇ ಅಂಚೆ ಸಂಖ್ಯೆ ಹಲವು ಹಳ್ಳಿಗಳಿಗೆ ಇರಬಹುದಾದ್ದರಿಂದ ದತ್ತಾಂಶದ ಕೆಲಸ ಮಾಡುವವರು ಎಂಟು ಅಂಕಿಯ ಆಡಳಿತ ಸಂಕೇತ ಬಳಸುತ್ತಾರೆ. ಎರಡು ಫ್ರಾಂಕ್‌ಫರ್ಟ್‌ಗಳಿಗೆ ಅವು 06412000 ಮತ್ತು 12053000. ಮೊದಲ ಎರಡು ಅಂಕಿ ರಾಜ್ಯದ್ದು.

ಅಂಕಿ ಬಂದ ಮೇಲೆ ತಂಟೆ ಇಲ್ಲ ಅಂದುಕೊಂಡರೆ, 1990ರಲ್ಲಿ ಎರಡು ಜರ್ಮನಿಗಳು ಒಂದಾದಾಗ ಆದದ್ದು ಕೇಳಿ. ಎರಡೂ ಕಡೆ ನಾಲ್ಕಂಕಿಯ ಅಂಚೆ ಸಂಖ್ಯೆಗಳಿದ್ದವು. ಪಶ್ಚಿಮದ ಬಾನ್ 5300, ಪೂರ್ವದ ವೈಮಾರ್ ಕೂಡ 5300! ಅಂಚೆಯವರು ಮತ್ತೆ ಹಳೆಯ ಮದ್ದಿಗೇ ಮೊರೆಹೋದರು. ಪಶ್ಚಿಮದ ಸಂಖ್ಯೆಗೆ 'ಡಬ್ಲ್ಯೂ', ಪೂರ್ವದ್ದಕ್ಕೆ 'ಓ' (ಜರ್ಮನ್ನಿನಲ್ಲಿ 'ಓಸ್ಟ್' ಅಂದರೆ ಪೂರ್ವ) ಎಂದು ಮುಂದೊಂದು ಅಕ್ಷರ ಕಟ್ಟಿದರು. 1993ರ ಜುಲೈ 1ರಂದು ಐದಂಕಿಯ ಹೊಸ ಸಂಖ್ಯೆಗಳು ಜಾರಿಗೆ ಬಂದು ಬಾನ್ 53ರಿಂದ, ವೈಮಾರ್ 99ರಿಂದ ಶುರುವಾಗುವವರೆಗೆ ಲಕೋಟೆಗಳು ಆ ಬಾಲಂಗೋಚಿಯ ಮೇಲೇ ಓಡಾಡಿದವು.