ಐವತ್ತು ಚುಕ್ಕೆಯ ಗರುಡ

ದೇವರಾಯನದುರ್ಗಕ್ಕೆ ಹೋಗಿದ್ದ ಅಕ್ಕನ ಮಗ ಮೊಬೈಲಿನಲ್ಲಿ ತೆಗೆದ ಎರಡು ಚಿತ್ರ ಕಳುಹಿಸಿದ. ಬೆಳ್ಳಗಿನ ಆಕಾಶ, ನಡುವೆ ರೆಕ್ಕೆ ಚಾಚಿದ ಒಂದು ಮಸಿ ಕಲೆ. ‘ಇದು ಯಾವ ಹಕ್ಕಿ ಮಾಮ?’ ಎಂಬುದು ಅವನ ಪ್ರಶ್ನೆ. ಅಕ್ಕನಿಗೆ ಆ ಪ್ರಶ್ನೆಯೇ ಇರಲಿಲ್ಲ. ನರಸಿಂಹಸ್ವಾಮಿಯ ಬೆಟ್ಟ, ಮೇಲೆ ಕೆಂಪು ಹೊಟ್ಟೆಯ ಹಕ್ಕಿ, ಗರುಡನಲ್ಲದೆ ಇನ್ನೇನು? ಅವಳು ಕೈಮುಗಿದೂ ಆಗಿತ್ತು.

ಮೊದಲು ಚಿತ್ರದಲ್ಲಿ ಇರುವುದೆಷ್ಟು ಎಂದು ಲೆಕ್ಕ ಹಾಕಿದೆ. 12 ಮೆಗಾಪಿಕ್ಸೆಲ್ ಚಿತ್ರದ ಅಗಲಕ್ಕೆ ಸುಮಾರು 4,000 ಚುಕ್ಕೆಗಳು. ಮೊಬೈಲಿನ ಮಾಮೂಲಿ ಲೆನ್ಸ್ ಆ ಅಗಲದಲ್ಲಿ ಹೆಚ್ಚುಕಡಿಮೆ 70 ಡಿಗ್ರಿ ಆಕಾಶವನ್ನು ತುಂಬುತ್ತದೆ. ಒಂದೂವರೆ ಮೀಟರ್ ರೆಕ್ಕೆಯ ಹಕ್ಕಿ 300 ಮೀಟರ್ ದೂರದಲ್ಲಿದ್ದರೆ ಅದಕ್ಕೆ ದಕ್ಕುವುದು ಹದಿನಾರೋ ಹದಿನೇಳೋ ಚುಕ್ಕೆ! ಹುಡುಗ ಮೂರು ಪಟ್ಟು ಹಿಗ್ಗಿಸುವ ಲೆನ್ಸ್ ಬಳಸಿದ್ದರಿಂದ ಐವತ್ತಾದರೂ ಸಿಕ್ಕಿತ್ತು. ಅಂದರೆ ಒಂದೊಂದು ಚುಕ್ಕೆಗೂ ಹಕ್ಕಿಯ ಮೈಯ ಮೂರು ಸೆಂಟಿಮೀಟರ್. ಊರ ಹದ್ದಿನ ಗುರುತೆಂದು ಎಲ್ಲರೂ ಹೇಳುವ ಕವಲು ಬಾಲ ಇಷ್ಟರಲ್ಲಿ ಒಂದೆರಡು ಚುಕ್ಕೆಯ ತಗ್ಗು, ಅಷ್ಟೇ. ಅದೂ ಹದ್ದು ಬಾಲ ಬಿಚ್ಚಿದರೆ ಅಂಚು ನೇರವಾಗಿ ಕವಲೇ ಮಾಯ. ಕವಲು ಕಂಡರೆ ಹದ್ದು ಎನ್ನಬಹುದು; ಕಾಣದಿದ್ದರೆ ಏನನ್ನೂ ಹೇಳುವಂತಿಲ್ಲ.

ಇನ್ನು ಬಣ್ಣ. ಇಂಥ ಚಿತ್ರಗಳಲ್ಲಿ ನಾನು ಎಲ್ಲಕ್ಕಿಂತ ಕಡಿಮೆ ನಂಬುವುದು ಅದನ್ನು. ಕ್ಯಾಮೆರಾ ಬೆಳಕನ್ನು ಅಳೆಯುವುದು ಆಕಾಶವನ್ನು ನೋಡಿ, ಹಾಗಾಗಿ ಹಕ್ಕಿ ನೆರಳಾಗಿ ಉಳಿಯುತ್ತದೆ. ಆ ನೆರಳನ್ನು ಆಮೇಲೆ ಎಳೆದು ಬೆಳಗಿಸಿದರೆ ಇಲ್ಲದ ಬಣ್ಣದ ಕಣಗಳೆಲ್ಲ ಏಳುತ್ತವೆ. ಚಿತ್ರವನ್ನು ಚೂಪುಗೊಳಿಸಲು ಮೊಬೈಲ್ ತಾನೇ ಅಂಚಿಗೆ ಬಿಳಿ ಗೆರೆ ಎಳೆಯುತ್ತದೆ. ನಾವು ಅದನ್ನು ರೆಕ್ಕೆಯ ಬಿಳಿ ಪಟ್ಟಿ ಎಂದು ಬರೆದುಕೊಳ್ಳುತ್ತೇವೆ. ಆ ಕೆಂಪು ಹೊಟ್ಟೆಯೂ ಅನುಮಾನದ್ದೇ. ಬಿಸಿಲು ಬಿದ್ದ ಕೆಮ್ಮಣ್ಣು, ಬಂಡೆ, ಒಣಹುಲ್ಲುಗಳ ಬೆಳಕು ಕೆಳಗಿನಿಂದ ಎರಚಿದರೆ ಬಿಳಿ ಹೊಟ್ಟೆಗೂ ಇಟ್ಟಿಗೆಯ ಛಾಯೆ ಬರುತ್ತದೆ.

ಬಣ್ಣ ಕೆಟ್ಟರೂ ಯಾವ ಭಾಗ ಹೆಚ್ಚು ಕಪ್ಪು, ಯಾವುದು ತಿಳಿ ಎಂಬ ಅನುಕ್ರಮ ಸಾಮಾನ್ಯವಾಗಿ ಉಳಿದಿರುತ್ತದೆ. ಗರುಡನ ತಲೆ, ಎದೆ ಬಿಳಿ, ಹೊಟ್ಟೆ ಗಾಢ. ನಮ್ಮ ಹಕ್ಕಿಯ ತಲೆ ಕಪ್ಪು, ಹೊಟ್ಟೆ ತಿಳಿ. ತಲೆಕೆಳಗು! ಅಲ್ಲದೆ ಗರುಡನಿಗೆ ನೀರು ಬೇಕು. ಅದನ್ನು ಹುಡುಕುವುದಾದರೆ ಬೆಟ್ಟದ ನೆತ್ತಿಗಿಂತ ತುಮಕೂರಿನ ಅಮಾನಿಕೆರೆಯ ದಡ ವಾಸಿ.

ಎರಡನೆಯ ಚಿತ್ರದಲ್ಲಿ ಒಂದು ಕಾಗೆ ಅದನ್ನು ಅಟ್ಟಿಸಿಕೊಂಡು ಬಂದಿತ್ತು. ಕಾಗೆಗಳ ಈ ಜಗಳಗಂಟಿತನಕ್ಕೆ ನಾನು ಋಣಿ. ಬರೀ ಆಕಾಶದಲ್ಲಿ ಹಕ್ಕಿಯ ಗಾತ್ರ ತಿಳಿಯುವುದೇ ಇಲ್ಲ. ಬೆನ್ನಟ್ಟಿ ಬಂದ ಕಾಗೆಯಾದರೆ ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿರುತ್ತದೆ. ಎರಡೂ ರೆಕ್ಕೆಯನ್ನು ಪೂರ್ತಿ ಚಾಚಿದ್ದು ನಮ್ಮ ಅದೃಷ್ಟ. ಎಣಿಸಿದರೆ ಕಾಗೆಗೆ 24 ಚುಕ್ಕೆ, ಹಕ್ಕಿಗೆ 52. ಊರ ಕಾಗೆಯ ರೆಕ್ಕೆಯ ಹರವು ಸುಮಾರು 80 ಸೆಂಟಿಮೀಟರ್. ಆ ಲೆಕ್ಕದಲ್ಲಿ ಈ ಹಕ್ಕಿಯದು 170ರ ಆಸುಪಾಸು. ಹತ್ತು ಹದಿನೈದು ಸೆಂಟಿಮೀಟರ್ ಆಚೀಚೆ ಆದರೂ ಗರುಡನಿಗೆ ಅದು ತೀರ ದೊಡ್ಡದಾಯಿತು.

‘ಅದು ಏನು ಮಾಡುತ್ತಿತ್ತು?’ ಎಂದು ಹುಡುಗನನ್ನು ಕೇಳಿದೆ. ಇದನ್ನು ಮೊದಲೇ ಕೇಳಬೇಕಿತ್ತು. ‘ಸ್ವಲ್ಪ ಹೊತ್ತು ಸುತ್ತಿತು ಮಾಮ. ಆಮೇಲೆ ಹುಲ್ಲಿನ ಮೇಲೆ ಗಾಳಿಯಲ್ಲೇ ನಿಂತುಬಿಟ್ಟಿತು, ಕಾಲು ಇಳಿಬಿಟ್ಟುಕೊಂಡು.’ ಹೀಗೆ ಗಾಳಿಯಲ್ಲಿ ನಿಂತು ಬೇಟೆ ಹುಡುಕುವ ಇನ್ನೊಂದು ಹಕ್ಕಿ ನಮ್ಮ ಬಯಲಿನ ರಾಮದಾಸ ಹದ್ದು; ಅದು ಕಾಗೆಯಷ್ಟೇ. ಇಷ್ಟು ದೊಡ್ಡ ಮೈ, ತಿಳಿ ಹೊಟ್ಟೆ, ಗೂಬೆಯಂಥ ದಪ್ಪ ತಲೆ ಹೊತ್ತು ಗಾಳಿಯಲ್ಲಿ ತೂಗುವುದೆಂದರೆ ಹಾವುಗಿಡುಗ. ಬಾಲದ ಅಡ್ಡಪಟ್ಟೆಗಳು ಕಾಣದ್ದರಿಂದ ಹೆಸರಿನ ಮುಂದೆ ‘ಬಹುಶಃ’ ಎಂದು ಸೇರಿಸಿ ಕಳುಹಿಸಿದೆ.

ಸಂಜೆ ಅಕ್ಕನ ಫೋನು ಬಂತು.

‘ಗರುಡ ಅಲ್ಲವಂತೆ?’

‘ಅಲ್ಲ ಅಕ್ಕ, ಹಾವುಗಿಡುಗ. ಹಾವೇ ಅದರ ಮುಖ್ಯ ಆಹಾರ.’

‘ಹಾವು ತಿನ್ನುವುದು ಗರುಡ ಅಲ್ಲದೆ ಇನ್ಯಾರೋ?’ ಎಂದಳು.